ಕೇಳಿಸಿಕೊಳ್ಳುವ ಮಗ

ಗಾದ್ರಮ್ಮ ತಳ್ಳಿದ ರಭಸಕ್ಕೆ ಮೊಬೈಲು ಮೇಜಿನ ಗಾಜಿನ ಮೇಲೆ ಜಾರಿಕೊಂಡು ಹೋಗಿ ಇನ್‌ಸ್ಪೆಕ್ಟರ್ ದುರ್ಗಾಂಬಿಕಾಳ ಟೀ ಲೋಟಕ್ಕೆ ಬಡಿದು ನಿಂತಿತು.

"ಇವನು ನನ್ ಮಗ ಅಲ್ಲ."

ಕಾನ್‌ಸ್ಟೆಬಲ್ ಪರಶುರಾಮ್ ಲೋಟ ಎತ್ತಿ ಪಕ್ಕಕ್ಕಿಟ್ಟು ಮೊಬೈಲಿನೊಳಗೆ ಇಣುಕಿದ. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಹುಡುಗನೊಬ್ಬ ರೈಲಿನ ಬಾಗಿಲಲ್ಲಿ ನಿಂತು ನಗುತ್ತಿದ್ದ. ಪಕ್ಕದಲ್ಲಿ ಹೆಸರು: ಕೆಂಚೇಶ್.

"ಫೋಟೋದಾಗೆ ಇರೋನು ಯಾರಮ್ಮ ಮತ್ತೆ?"

"ಫೋಟೋದಾಗಿರೋನು ನನ್ ಮಗನೇ. ಬರೆಯೋನು ಅಲ್ಲ."

ಜೂನ್ 9, ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲು. ಜಗಳೂರು ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ಗಾದ್ರಮ್ಮನ ಗಂಡ ಸಣ್ಣತಿಮ್ಮಪ್ಪ ಒಳಗೆ ಬರಲೊಲ್ಲೆ ಎಂದು ಬೆನ್ನು ತಿರುಗಿಸಿ ಕೂತಿದ್ದ. ಮಗ ಚೆನ್ನಾಗಿದ್ದಾನೆ, ಹೆಂಡತಿಗೆ ತಲೆ ಕೆಟ್ಟಿದೆ ಎಂಬುದು ಅವನ ವಾದ.

ದುರ್ಗಾಂಬಿಕಾ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಕೆಂಚೇಶನಿಗೆ ಇಪ್ಪತ್ತೆರಡು ವರ್ಷ. ಹೊನ್ನಾಳಿಯಲ್ಲಿ ಐಟಿಐ ಓದಿದವನು. ತಿರುಗುವ ಹುಚ್ಚು. ಮಾರ್ಚ್ ಕೊನೆಯಲ್ಲಿ ಐಟಿಐ ಗೆಳೆಯನೊಬ್ಬನ ಜೊತೆ ದಾವಣಗೆರೆಯಲ್ಲಿ ರೈಲು ಹತ್ತಿದ್ದ; ಗೆಳೆಯನ ಹೆಸರು ಮನೆಯಲ್ಲಿ ಹೇಳಿರಲಿಲ್ಲ. ದಿಲ್ಲಿಗೆ ಜನರಲ್ ಟಿಕೆಟ್, ಅಲ್ಲಿಂದ ಮುಂದೆ ಹಿಮ ನೋಡುವುದು. ಆಮೇಲೆ ಮೆಸೇಜು ಬಂತು: ಋಷಿಕೇಶದಲ್ಲಿ ಹೋಟೆಲ್ ಕೆಲಸ ಸಿಕ್ಕಿದೆ, ಕೆಲ ತಿಂಗಳು ಇಲ್ಲೇ ಇರುತ್ತೇನೆ. ಫೋನು ಮಾಡಿದರೆ ಎತ್ತುವುದಿಲ್ಲ, ಬೆಟ್ಟದಲ್ಲಿ ಮಾತು ಕೇಳಿಸುವುದಿಲ್ಲವಂತೆ. ಮೆಸೇಜು ಮಾತ್ರ ತಪ್ಪುವುದಿಲ್ಲ. ಗಾದ್ರಮ್ಮನಿಗೆ ಓದು ಬರದು. ಪಕ್ಕದ ಮನೆಯ ಗಂಗೋತ್ರಿ ಓದಿ ಹೇಳುತ್ತಾಳೆ. ಇವಳು ಗುಂಡಿ ಒತ್ತಿಹಿಡಿದು ಮಾತಾಡಿ ಕಳಿಸುತ್ತಾಳೆ.

"ದಿನಾ ಮೆಸೇಜ್ ಬರ್ತೈತಲ್ಲಮ್ಮ. ಕಾಣೆಯಾದ ಕೇಸು ಹೆಂಗಾಗ್ತೈತೆ?" ಪರಶುರಾಮ್ ಕೇಳಿದ.

"ದಿನಾ ಉಂಡ್ಯಾ ಅಂತ ಕೇಳ್ತಾನೆ."

"ಒಳ್ಳೇದಲ್ವಾ?"

"ಇಪ್ಪತ್ತೆರಡು ವರ್ಷದಾಗೆ ಒಂದಿನ ಕೇಳಿದೋನಲ್ಲ. ಮೊನ್ನೆ ಮಂಡಿ ನೋವು ಹೆಂಗೈತೆ ಅಂದ. ನಂಗೆ ಮಂಡಿ ನೋವು ಐತೆ ಅಂತ ನನ್ ಮಗನಿಗೆ ಗೊತ್ತೇ ಇಲ್ಲ."

"ನೀವೇ ಹೇಳಿರ್ತೀರಿ."

"ಹೇಳಿದೀನಿ. ಹತ್ತು ವರ್ಷದಿಂದ ಹೇಳ್ತಾನೇ ಇದೀನಿ. ಅವನು ಕೇಳಿಸ್ಕೊಳ್ಳಿಲ್ಲ, ಇವನು ಕೇಳಿಸ್ಕೊಂಡವನೆ!"

"ಊರು ಬಿಟ್ಟ ಮ್ಯಾಲೆ ಬುದ್ಧಿ ಬಂದಿರ್ತೈತೆ."

"ನಿಂಗೆ ಬಂತೇನಪ್ಪ?" ಎಂದಳು ಗಾದ್ರಮ್ಮ. ಬರೆಯುತ್ತ ಕೂತಿದ್ದ ರೈಟರ್ ಕಲ್ಲೇಶ್ ಕೆಮ್ಮಿ ನಗು ಮುಚ್ಚಿಕೊಂಡ. ಅವಳು ನಗಲಿಲ್ಲ. ದುರ್ಗಾಂಬಿಕಾಳ ಕಡೆ ತಿರುಗಿದಳು. "ಇವನು ಯಾರಾದ್ರೂ ಆಗ್ಲಿ ತಾಯಿ, ಅವನ ಸುದ್ದಿ ನಂಗೆ ಬ್ಯಾಡ. ನನ್ ಮಗ ಎಲ್ಲವನೆ? ಅಷ್ಟು ಹೇಳ್ರಿ ಸಾಕು."

ದುರ್ಗಾಂಬಿಕಾ ಮೆಸೇಜುಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. ಮಾರ್ಚ್ 29ಕ್ಕೆ ಮೊದಲು ಎಲ್ಲ ತುಂಡು ತುಂಡು: 'ಹ್ಞೂ', 'ಬಸ್ಸಲ್ಲಿದೀನಿ', 'ಆಮೇಲೆ ಮಾಡ್ತೀನಿ'. ಆಮೇಲಿನವು ಬೇರೆಯೇ ಧಾಟಿ: 'ಮರಿ ಹಾಲು ಕುಡೀತಾ ಅವ್ವ', 'ಬಿಸಿಲಿಗೆ ಹೋಗಬೇಡ', 'ಅಪ್ಪ ಬೈದರೆ ಸುಮ್ಮನಿರು'. ಬೆಳೆ ಬದಲಾದ ಹೊಲದ ಬದುವಿನಂತೆ ಅಲ್ಲಿ ಗೆರೆ ಕಣ್ಣಿಗೆ ಕಾಣುತ್ತಿತ್ತು. ತನ್ನ ತಾಯಿಗೆ ತಾನು ಕಳಿಸುವ ಮೆಸೇಜುಗಳು ಗೆರೆಯ ಯಾವ ಕಡೆಯವು ಎಂಬ ಯೋಚನೆ ಬಂತು. ಅದನ್ನು ಅಲ್ಲಿಗೇ ಬಿಟ್ಟಳು.

"ಎಫ್‌ಐಆರ್ ಹಾಕು ಕಲ್ಲೇಶ್."

"ಮಗ ಒಳ್ಳೇವನಾದ ಅಂತ ಎಫ್‌ಐಆರ್ ಹಾಕೋದು ನಮ್ ಠಾಣೆಯಾಗೆ ಇದೇ ಫಸ್ಟು ಮೇಡಂ" ಎಂದ ಪರಶುರಾಮ್.

ಜೂನ್ 12ರಂದು ಕೆಂಚೇಶನ ನಂಬರಿನ ಟವರ್ ವಿವರ ಬಂತು. ಮಾರ್ಚ್ 29ರ ಮಧ್ಯಾಹ್ನದವರೆಗೆ ಫೋನು ಉತ್ತರಕ್ಕೆ ಹೋಗುತ್ತಲೇ ಇತ್ತು. ಇಟಾರ್ಸಿ ದಾಟಿದೊಡನೆ ಉಲ್ಟಾ ಹೊಡೆದು ದಕ್ಷಿಣಕ್ಕೆ ಇಳಿದಿತ್ತು. ಏಪ್ರಿಲ್ ಮೊದಲ ವಾರ ಚನ್ನಗಿರಿ ತಾಲ್ಲೂಕಿನಲ್ಲಿ. ಆಮೇಲಿನ ಎರಡು ತಿಂಗಳೂ ಒಂದೇ ಕಡೆ, ನ್ಯಾಮತಿಯಲ್ಲಿ.

"ಋಷಿಕೇಶ ನ್ಯಾಮತಿಗೇ ಬಂದುಬಿಟ್ಟೈತಲ್ಲ ಮೇಡಂ" ಎಂದ ಪರಶುರಾಮ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಫೋನು ಇಲ್ಲಿದೆ, ಹುಡುಗ ಇಲ್ಲ ಎಂದರೆ ಏನರ್ಥ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಹೊನ್ನಾಳಿಯ ಐಟಿಐಗೆ ಹೋದರು. ಎಲೆಕ್ಟ್ರಿಷಿಯನ್ ವಿಭಾಗದ ಮೇಷ್ಟ್ರು ತಿಪ್ಪೇಶಪ್ಪನವರಿಗೆ ಕೆಂಚೇಶನ ಹೆಸರು ಹೇಳುತ್ತಲೇ ಇನ್ನೊಂದು ಹೆಸರು ಬಾಯಿಗೆ ಬಂತು.

"ಕೆಂಚೇಶ್-ನಿಂಗರಾಜ್ ಅಂತ ಜೋಡಿಯಾಗೇ ಕರೀತಿದ್ವಿ ಮೇಡಂ. ರಜಾ ಬಂದ್ರೆ ಸಾಕು, ಬೆನ್ನಿಗೊಂದು ಚೀಲ, ಜನರಲ್ ಡಬ್ಬಿ. ಪುರಿ ನೋಡಿದ್ರು, ಜೈಸಲ್ಮೇರ್ ನೋಡಿದ್ರು. ಚಪಾತಿ ಕಟ್ಕಂಡು ಹೋಗೋದು, ಸ್ಟೇಷನ್ನಾಗೆ ಮಲಗೋದು. ನಾನು ಇಲ್ಲೇ ಪಕ್ಕದ ತೀರ್ಥರಾಮೇಶ್ವರಾನೂ ನೋಡಿಲ್ಲ."

"ನಿಂಗರಾಜ್ ಈಗ ಎಲ್ಲಿದ್ದಾನೆ?"

"ನಲ್ಲೂರಿನ ಹುಡುಗ. ಈಗ ನ್ಯಾಮತಿಯಾಗೆ ಮೋಟಾರ್ ವೈಂಡಿಂಗ್ ಅಂಗಡೀಲಿ ಕೆಲಸಕ್ಕವನೆ. ಯಾಕೆ ಮೇಡಂ, ಏನಾತು?"

ದುರ್ಗಾಂಬಿಕಾ ಅಂಗಡಿಯ ವಿಳಾಸ ಬರೆದುಕೊಂಡಳು.

ಜೂನ್ 14, ಶನಿವಾರ, ಮಧ್ಯಾಹ್ನ ಒಂದೂವರೆ. ನ್ಯಾಮತಿಯ ಬಸ್ ನಿಲ್ದಾಣದ ಹತ್ತಿರ, ವೈಂಡಿಂಗ್ ಅಂಗಡಿಗೆ ಎದುರಾಗಿ ಒಂದು ಬಾಡಿಗೆ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ದುರ್ಗಾಂಬಿಕಾ, ಪಕ್ಕದಲ್ಲಿ ಗಾದ್ರಮ್ಮ. ರಸ್ತೆಯಾಚೆ ಬಿಚ್ಚಿ ಹಾಕಿದ ಪಂಪ್‌ಸೆಟ್ ಮೋಟಾರುಗಳ ನಡುವೆ ತೆಳ್ಳನೆಯ ಹುಡುಗನೊಬ್ಬ ಬುತ್ತಿ ಬಿಚ್ಚುತ್ತಿದ್ದ. ಪರಶುರಾಮ್ ಮಫ್ತಿಯಲ್ಲಿ ಪಕ್ಕದ ಟೀ ಅಂಗಡಿಯ ಮುಂದೆ ನಿಂತು ಬೀಡಿ ಕಚ್ಚಿಕೊಂಡಿದ್ದ.

"ದಿನಾ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡ್ರಿ."

ಗಾದ್ರಮ್ಮ ಗುಂಡಿ ಒತ್ತಿಹಿಡಿದಳು. "ಅಪ್ಪಾ ಕೆಂಚಾ, ನಿನ್ನೆ ಒಳ್ಳೆ ಮಳೆ ಬಂತು. ನಿಮ್ಮಪ್ಪ ಮೆಕ್ಕೆಜೋಳ ಹಾಕಾಕೆ ಹೋಗ್ಯಾನೆ. ನಾನು ಸಾರು ಮಾಡಿಟ್ಟು ಕುಂತಿದೀನಿ."

ರಸ್ತೆಯಾಚೆ ಹುಡುಗ ಬುತ್ತಿ ಬಿಟ್ಟು ಎದ್ದ. ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು, ಒಳಜೇಬಿನಿಂದ ಮೊಬೈಲು ತೆಗೆದು ಕಿವಿಗೆ ಹಚ್ಚಿ, ಗೋಡೆಯ ಕಡೆ ತಿರುಗಿ ನಿಂತ. ಮುಗಿದ ಮೇಲೆ ಮತ್ತೊಮ್ಮೆ ಹಚ್ಚಿಕೊಂಡ. ಅಷ್ಟು ದೂರದಿಂದಲೂ ಅವನ ಮುಖ ಅರಳಿದ್ದು ಕಾಣಿಸಿತು. ಆಮೇಲೆ ಅವನ ಹೆಬ್ಬೆರಳುಗಳು ಆಡಿದವು.

ಗಾದ್ರಮ್ಮನ ಮಡಿಲಲ್ಲಿ ಮೊಬೈಲು ಟಿಣ್ ಎಂದಿತು. ದುರ್ಗಾಂಬಿಕಾ ಓದಿದಳು: "ಯಾವ ಸಾರು ಅವ್ವ?"

"ನೋಡಿದ್ರಾ?" ಎಂದಳು ಗಾದ್ರಮ್ಮ, ಕಣ್ಣು ಹುಡುಗನ ಮೇಲಿಂದ ತೆಗೆಯದೆ. "ನಮ್ಮೋನಾಗಿದ್ರೆ, ಮತ್ತೆ ಅದೇ ಸಾರಾ ಅಂತಿದ್ದ."

ಪರಶುರಾಮ್ ಹೆಗಲ ಮೇಲೆ ಕೈಯಿಟ್ಟಾಗ ಹುಡುಗ ಓಡಲಿಲ್ಲ, ಕೊಸರಲೂ ಇಲ್ಲ. ಬುತ್ತಿಗೆ ಮುಚ್ಚಳ ಹಾಕಲು ಹೊರಟ. ಅಂಗಡಿಯ ಮಾಲೀಕ ರಂಗಣ್ಣ ಮತ್ತು ಟೀ ಅಂಗಡಿಯವನನ್ನು ಪಂಚರನ್ನಾಗಿ ಮಾಡಿ ಪಂಚನಾಮೆ ಬರೆದು ಎರಡು ಮೊಬೈಲು ವಶಕ್ಕೆ ತೆಗೆದುಕೊಂಡರು. ವಿಚಾರಣೆ ನ್ಯಾಮತಿ ಠಾಣೆಯ ಒಂದು ಕೋಣೆಯಲ್ಲಿ ನಡೆಯಿತು.

"ಹೆಸರು?"

"ನಿಂಗರಾಜ್."

"ಈ ಫೋನು?"

"ಕೆಂಚೇಶಂದು."

"ಕೆಂಚೇಶ್ ಎಲ್ಲಿ?"

ನಿಂಗರಾಜ್ ಕಿಟಕಿಯ ಕಡೆ ನೋಡಿದ. ಹೊರಗಿನ ಬೆಂಚಿನ ಮೇಲೆ ಗಾದ್ರಮ್ಮ ಕೂತಿದ್ದಳು. ದುರ್ಗಾಂಬಿಕಾ ಎದ್ದು ಕಿಟಕಿ ಮುಚ್ಚಿದಳು.

"ಈಗ ಹೇಳು."

"ಇಲ್ಲ ಮೇಡಂ. ಸತ್ತೋದ."

"ಯಾವಾಗ?"

"ಮಾರ್ಚ್ ಇಪ್ಪತ್ತೊಂಬತ್ತು. ಇಟಾರ್ಸಿ ಆದ್ಮೇಲೆ ಒಂದು ಸಣ್ಣ ಸ್ಟೇಷನ್ನು. ಸಿಗ್ನಲ್ ಇಲ್ದೆ ಗಾಡಿ ನಿಂತಿತ್ತು. ನೀರು ತುಂಬಾಕೆ ಇಳಿದ. ಇಳಿಯೋದು ನಾವು ಸರದಿ ಮೇಲೆ ಮಾಡ್ತಿದ್ವಿ. ಒಬ್ಬ ಇಳಿದ್ರೆ ಒಬ್ಬ ಸೀಟು ಕಾಯೋದು."

"ಅವತ್ತು ಅವನ ಸರದಿ?"

"ನಂದು."

"ಮತ್ತೆ?"

"ನಿದ್ದೆ ಬಂದಂಗೆ ಮಾಡಿದೆ. ಭುಸಾವಳದಾಗೆ ಕಿಟಕಿ ಸೀಟು ಸಿಕ್ಕಿತ್ತು ಮೇಡಂ. ನಿಂತೇ ಬಂದಿದ್ವಿ ಅಲ್ಲೀಗಂಟ." ಅವನು ಬೆರಳುಗಳ ಗ್ರೀಸನ್ನು ಉಜ್ಜತೊಡಗಿದ. "ಗಾಡಿ ಬಿಟ್ಟಿತು. ಓಡಿಬಂದ. ಎರಡೂ ಕೈಯಾಗೆ ಬಾಟ್ಲಿ. ಬಾಟ್ಲಿ ಬಿಟ್ಟಿದ್ರೆ ಕಂಬಿ ಹಿಡ್ಕಂತಿದ್ದ. ಬಿಡೋ ಅಂತ ಕೂಗಿದೆ. ಬಿಡ್ಲಿಲ್ಲ."

ಪರಶುರಾಮ್ ಬರೆಯುವುದನ್ನು ನಿಲ್ಲಿಸಿದ್ದ. ಬರಿ ಎಂದು ಅವನಿಗೆ ಸನ್ನೆ ಮಾಡಿ ದುರ್ಗಾಂಬಿಕಾ ಕೇಳಿದಳು.

"ಚೈನ್ ಎಳೀಲಿಲ್ವಾ?"

"ಜನ ಮೇಡಂ. ಕೈ ಎತ್ತಾಕೂ ಜಾಗ ಇರ್ಲಿಲ್ಲ. ಮುಂದಿನ ಸ್ಟೇಷನ್ನಾಗೆ ಇಳಿದು ವಾಪಸ್ ಹೋದೆ. ಬಟ್ಟೆ ಹೊದಿಸಿದ್ರು. ಇವನ ಕಡೆಯೋರು ಯಾರಾದ್ರೂ ಇದಾರಾ ಅಂತ ಪೊಲೀಸ್ರು ಕೇಳ್ತಿದ್ರು. ನನ್ನೂ ಕೇಳಿದ್ರು."

"ಏನಂದೆ?"

"ಹಿಂದಿ ಬರಲ್ಲ ಅಂದೆ."

"ಬರುತ್ತಾ?"

"ಬರ್ತೈತೆ."

ಕೆಂಚೇಶನ ಆಧಾರ್, ಟಿಕೆಟ್ಟು, ಬಟ್ಟೆ ಎಲ್ಲ ರೈಲಿನಲ್ಲಿದ್ದ ಚೀಲದಲ್ಲೇ ಉಳಿದಿದ್ದವು. ಮೊಬೈಲು ನಿಂಗರಾಜನ ಪವರ್ ಬ್ಯಾಂಕಿಗೆ ಚಾರ್ಜಿಗೆ ಹಾಕಿತ್ತು; ಅದರ ಲಾಕು ಇವನಿಗೆ ಗೊತ್ತಿತ್ತು. ಅಂದೇ ಸಂಜೆ ಅದಕ್ಕೆ ಗಾದ್ರಮ್ಮನ ದನಿ ಬಂತು: ಎಲ್ಲಿದ್ದೀಯಪ್ಪ?

"ರೈಲಲ್ಲಿದೀನಿ ಅಂತ ಹಾಕಿದೆ. ನಾಳೆ ಹೇಳೋಣ ಅಂತ."

"ನಾಳೆ ಏನಾಯ್ತು?"

"ಕುರಿ ಅವಳಿ ಮರಿ ಹಾಕ್ತು ಅಂತ ಆಯಮ್ಮ ನಗ್ತಾ ಹೇಳಿದ್ಲು. ಅವತ್ತು ಹೆಂಗೆ ಹೇಳಲಿ? ಮರುದಿನ ಒಂದು ಮರಿ ಸತ್ತೋತು ಅಂತ ಅತ್ಲು. ಅವತ್ತೂ ಆಗ್ಲಿಲ್ಲ."

ಅಪಘಾತ ಖಾತ್ರಿಯಾಗುವವರೆಗೆ ನೋಟಿಸ್ ಕೊಟ್ಟು, ರಂಗಣ್ಣನ ಹೊಣೆಯ ಮೇಲೆ ಅವನನ್ನು ಬಿಟ್ಟರು. ಕೋಣೆಯಿಂದ ಹೊರಬಂದ ದುರ್ಗಾಂಬಿಕಾ ಬೆಂಚಿನ ಮುಂದೆ ನಿಂತು, "ಇನ್ನೂ ವಿಚಾರಿಸಬೇಕು ಅಮ್ಮ. ಎರಡು ದಿನ ಕೊಡ್ರಿ" ಎಂದಳು. ಗಾದ್ರಮ್ಮ ಮುಚ್ಚಿದ ಕಿಟಕಿಯ ಕಡೆ ಒಮ್ಮೆ ನೋಡಿದಳು. ಸೆರಗು ಬಿಗಿದುಕೊಂಡು ಕಾರು ಹತ್ತಿದಳು.

ಜೂನ್ 15ರ ಬೆಳಿಗ್ಗೆ ನಿಂಗರಾಜನನ್ನು ಕರೆದುಕೊಂಡು ನಲ್ಲೂರಿನ ಮನೆಗೆ ಹೋದರು. ಅಟ್ಟದ ಮೇಲೆ ಕೆಂಚೇಶನ ಚೀಲ ಸಿಕ್ಕಿತು. ಜಿಪ್ಪು ತೆಗೆದಿರಲಿಲ್ಲ. ಪಂಚರ ಮುಂದೆ ತೆಗೆದಾಗ ಬೂಸ್ಟು ಹಿಡಿದ ಚಪಾತಿಯ ಕಟ್ಟು ಮೇಲೇ ಇತ್ತು. ನಿಂಗರಾಜನ ತಾಯಿ ಶಂಕರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

"ವಾಪಸ್ ಬಂದ ಮ್ಯಾಲೆ ಮಗ ಏನೂ ಹೇಳ್ಲಿಲ್ವೇನಮ್ಮ?" ದುರ್ಗಾಂಬಿಕಾ ಕೇಳಿದಳು.

"ನಮ್ಮವನಾ? ಮಾತು ಎಲ್ಲೈತ್ರಿ ಅವನಿಗೆ. ಫೋನ್ ಮಾಡಿದ್ರೆ ಹ್ಞೂ ಅಂತಾನೆ, ಇಟ್ಟುಬಿಡ್ತಾನೆ. ನಾನು ಸತ್ತೀನೋ ಬದುಕೀನೋ ಅಂತಾನೂ ಕೇಳೋನಲ್ಲ."

ಚೀಲ ಹಿಡಿದು ನಿಂತಿದ್ದ ನಿಂಗರಾಜ್ ತಲೆ ಎತ್ತಲಿಲ್ಲ.

ಇಟಾರ್ಸಿ ಕಡೆಯ ರೈಲ್ವೆ ಪೊಲೀಸರಿಂದ ಜೂನ್ 17ರಂದು ಫೋಟೋ ಬಂತು. ಗುರುತು ಸಿಗದ ಗಂಡು ಶವ, ಹಳಿಯ ಅಪಘಾತ, ನಿಯಮದಂತೆ ಕಾದು ಮಣ್ಣು ಮಾಡಲಾಗಿದೆ. ದುರ್ಗಾಂಬಿಕಾ ಪರಶುರಾಮನನ್ನು ಕರೆದುಕೊಂಡು ಗಾದ್ರಮ್ಮನ ಹಟ್ಟಿಗೆ ಹೋದಳು. ಸಣ್ಣತಿಮ್ಮಪ್ಪ ಫೋಟೋ ಇಸಿದುಕೊಂಡು ಬಿಸಿಲಿಗೆ ಹಿಡಿದ.

"ಇವನಲ್ಲ" ಎಂದ. "ನಮ್ಮ ಹುಡುಗ ಇಷ್ಟು ಕಪ್ಪಿಲ್ಲ. ಇವನಲ್ಲ ಬಿಡ್ರಿ."

ಗಾದ್ರಮ್ಮ ಕೈ ಚಾಚಿ ಫೋಟೋ ತೆಗೆದುಕೊಂಡಳು.

"ಇವನೇ. ಮಲಗಿದ್ರೆ ಹಿಂಗೇ ಬಾಯಿ ತಕ್ಕಂಡಿರ್ತಾನೆ."

ಜೂನ್ 18, ಬುಧವಾರ, ಬೆಳಿಗ್ಗೆ ಹತ್ತು ಗಂಟೆಗೆ ನಿಂಗರಾಜ್ ತಾನಾಗಿಯೇ ಜಗಳೂರು ಠಾಣೆಗೆ ಬಂದ. ಬೇರೆಯವನ ಗುರುತು ಬಳಸಿದ್ದಕ್ಕೆ ಐಟಿ ಕಾಯ್ದೆಯ ಕಲಂ, ಸತ್ತವನ ವಸ್ತು ಇಟ್ಟುಕೊಂಡದ್ದಕ್ಕೆ ಇನ್ನೊಂದು ಕಲಂ. ದಸ್ತಗಿರಿ ಪತ್ರಕ್ಕೆ ಸಹಿ ಹಾಕಿಸಿದರು. ಜಾಮೀನು ಸಿಗುವ ಅಪರಾಧ. ಅಪ್ಪ ಜುಂಜಪ್ಪ ಜಾಮೀನಿಗೆಂದು ಪಹಣಿ ಹಿಡಿದು ಹೊರಗೆ ನಿಂತಿದ್ದ.

"ಉದ್ದೇಶ ಏನಂತ ಬರೀಲಿ ಮೇಡಂ?" ಕಲ್ಲೇಶ್ ಕೇಳಿದ. "ದುಡ್ಡಿಲ್ಲ, ಹಗೆ ಇಲ್ಲ."

ದುರ್ಗಾಂಬಿಕಾ ನಿಂಗರಾಜನ ಕಡೆ ನೋಡಿದಳು. ಹೇಳಲಾರದೆ ಶುರು ಮಾಡಿದ್ದ, ಅದು ನಿಜ. ಆದರೆ ವೈಂಡಿಂಗ್ ಅಂಗಡಿಯ ಗೋಡೆಗೆ ಮುಖ ಮಾಡಿ ಅದೇ ಮಾತನ್ನು ಎರಡು ಸಲ ಕೇಳಿದ ಹುಡುಗ ಆ ದಿನ ಹೆದರಿದವನಂತೆ ಕಾಣಲಿಲ್ಲ. ಸತ್ತ ಗೆಳೆಯನ ಹೆಸರಿನಲ್ಲಿ ಅವನು ಒಬ್ಬ ಮಗನಾಗಿ ನೋಡಿದ್ದ, ತನ್ನ ಸ್ವಂತ ಹೆಸರಿನಲ್ಲಿ ಅದು ಆಗಿರಲಿಲ್ಲ. ಅದಕ್ಕೆ ಯಾವ ಕಲಮೂ ಇರಲಿಲ್ಲ.

"ಲಾಭದ ಉದ್ದೇಶ ಕಂಡುಬಂದಿಲ್ಲ. ಅಷ್ಟು ಬರಿ."

ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಗಾದ್ರಮ್ಮ ಬಂದಳು. ನಿಂಗರಾಜ್ ಮೂಲೆಯ ಸ್ಟೂಲಿನಿಂದ ಎದ್ದು ನಿಂತ. ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಅದೇ ಮೊದಲು. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಭಾಳ ನೋವಾತೇನಲೇ ಅವನಿಗೆ?"

"ಇಲ್ಲವ್ವ. ತಕ್ಷಣ."

"ಈಗಲೂ ಸುಳ್ಳು ಹೇಳ್ತಿಯೇನು?"

"ಇಲ್ಲ. ನಾನೇ ನೋಡಿದೆ."

ಅವಳು ತಲೆಯಾಡಿಸಿದಳು. ಕಲ್ಲೇಶ್ ಮುಂದಿಟ್ಟ ಇಂಕಿನ ಪ್ಯಾಡಿಗೆ ಹೆಬ್ಬೆರಳು ಅದ್ದಿ, ತೋರಿಸಿದಲ್ಲೆಲ್ಲ ಒತ್ತಿದಳು. ನಿಂಗರಾಜ್ ಒಂದು ಹೆಜ್ಜೆ ಮುಂದೆ ಬಂದ. ಪರಶುರಾಮ್ ತಡೆಯಲು ಹೋದಾಗ ದುರ್ಗಾಂಬಿಕಾ ಬೇಡವೆಂದು ಕಣ್ಣಲ್ಲೇ ಹೇಳಿದಳು.

"ಅವ್ವಾ, ಕೇಸು ಏನಾದ್ರೂ ಆಗ್ಲಿ. ನಾನು ವಾರಕ್ಕೊಂದ್ಸಲ ಬರ್ತೀನಿ. ಕುರಿ ನೋಡ್ಕಂತೀನಿ, ಮೋಟಾರ್ ಕೆಟ್ಟರೆ ಕಟ್ಟಿಕೊಡ್ತೀನಿ. ದಿನಾ ಮಾತಾಡಿಸ್ತೀನಿ. ನಿನ್ನ ಮಗನಂಗೆ ಇರ್ತೀನಿ."

ಗಾದ್ರಮ್ಮ ಹೆಬ್ಬೆರಳಿನ ಇಂಕನ್ನು ಸೆರಗಿಗೆ ಒರೆಸಿಕೊಂಡಳು.

"ಬ್ಯಾಡ. ನಂಗೊಬ್ಬ ಮಗ ಇದ್ದ."