ಉತ್ತರಹಳ್ಳಿಯ ಕೆಂಪು ಜೇಡಿ

“ಇನ್ನಷ್ಟು ಹತ್ರ ಬರ್ರಿ ಮೇಡಂ. ಅಷ್ಟು ದೂರದಿಂದ ಏನ್ ಕಾಣಸ್ತದ?”

ಆಳೆತ್ತರದ ಗುಂಡಿಯೊಳಗೆ ನಿಂತು ಹೀಗೆಂದವನನ್ನು ಇಂಚರ ಅದೇ ಮೊದಲು ನೋಡಿದ್ದು. ಎಷ್ಟು ಸಲಿಗೆ ಇವನಿಗೆ ಎಂದುಕೊಂಡಳು. ಹೆಸರು ಕೇಳುವ ಮೊದಲೇ ಹತ್ತಿರ ಬಾ ಎನ್ನುತ್ತಿದ್ದಾನೆ!

ಇಂಚರ ಕೆಲಸ ಮಾಡುತ್ತಿದ್ದ ಜಯನಗರದ ಪುಟ್ಟ ಮಣ್ಣು ಪರೀಕ್ಷೆಯ ಆಫೀಸಿಗೆ ಸಂಗಮೇಶ ಸೇರಿದ್ದು ಅಂದೇ. ವಿಜಯಪುರದ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ರೂಮು. ಯಾರಾದರೂ ಮನೆ ಕಟ್ಟುವ, ತೋಟ ಮಾಡುವ ಮೊದಲು ಗುಂಡಿ ತೋಡಿಸಿ, ಮಣ್ಣಿನ ಪದರಗಳನ್ನು ನೋಡಿ, ಅದು ಯಾವ ಜಾತಿಯದು, ನೀರು ಇಂಗುತ್ತದೋ ನಿಲ್ಲುತ್ತದೋ ಎಂದು ಬರೆದುಕೊಡುವುದು ಅವರಿಬ್ಬರ ಕೆಲಸ.

ಅವಳು ಏಣಿ ಇಳಿದಳು. ಉತ್ತರಹಳ್ಳಿಯ ಆಚೆ ಇನ್ನೂ ಸೈಟುಗಳಾಗದೆ ಉಳಿದಿದ್ದ ಸಮತಟ್ಟು ನೆಲ ಅದು. ಮೇಲೆ ಗೇಣುದ್ದ ಕಂದು ಮಣ್ಣು. ಅದರ ಕೆಳಗೆ ಗುಂಡಿಯ ತಳದವರೆಗೂ ಒಂದು ಕಲ್ಲಿಲ್ಲದ, ಗರಸಿಲ್ಲದ ಕೆಂಪು ಜೇಡಿ.

ಸಂಗಮೇಶ ಒಂದು ಉಂಡೆ ಒದ್ದೆ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತ ಉದ್ದಕ್ಕೆ ಪಟ್ಟಿಯಂತೆ ಎಳೆದ. “ನೋಡ್ರಿ, ಹರಿಯೂದಿಲ್ಲ.” ಒಣ ಹೆಂಟೆಯೊಂದನ್ನು ಮುರಿದು ತೋರಿಸಿದ. ಮುರಿದ ಮೈ ಎಣ್ಣೆ ಸವರಿದಂತೆ ಮಿನುಗಿತು. “ಮ್ಯಾಲಿನ ಜೇಡಿ ಮಳಿನೀರಿನ ಜೋಡಿ ಇಳದು ಇಲ್ಲಿ ಮೆತ್ಕೊಂಡದ. ಸಾವಿರಾರು ವರ್ಷದ ಕೆಲಸ ಇದು.”

“ಹಾಗಾದ್ರೆ ಜಾತಿ ಆಲ್ಫಿಸಾಲ್ ಅಂತ ಬರೀಬಹುದು.”

“ಹೌದ್ರಿ. ಆದ್ರ ಕಡುಗೆಂಪು ಇದ್ರ ಅದರೊಳಗ ಒಂದು ಪಂಗಡ, ಕಂದುಗೆಂಪಾದ್ರ ಇನ್ನೊಂದು. ಅದನ್ನ ನೀವ ಹೇಳಬೇಕು.”

ಬಣ್ಣದ ಪುಸ್ತಕ ತೆರೆದ. ಹಾಳೆಯ ತುಂಬ ಪುಟ್ಟ ಪುಟ್ಟ ಬಣ್ಣದ ಚೌಕಗಳು, ಪ್ರತಿಯೊಂದರ ಪಕ್ಕ ಒಂದು ತೂತು. ತೂತಿನ ಹಿಂದೆ ಮಣ್ಣು ಹಿಡಿದು, ಯಾವ ಚೌಕಕ್ಕೆ ಹೊಂದುತ್ತದೆ ಎಂದು ಇಬ್ಬರೂ ಬಗ್ಗಿ ನೋಡಬೇಕು. ಅವನ ಭುಜ ಅವಳ ಭುಜಕ್ಕೆ ತಾಗಿತು.

“ಕಡುಗೆಂಪು,” ಎಂದಳು. ತಲೆಯೆತ್ತಿದರೆ, ಅವನು ಪುಸ್ತಕ ನೋಡುತ್ತಿರಲೇ ಇಲ್ಲ. ಅವಳನ್ನು ನೋಡುತ್ತಿದ್ದ.

“ನೀವಂದ್ರ ಅದು ಕಡುಗೆಂಪು,” ಎಂದು ಬರೆದುಕೊಂಡ.

ಎರಡು ವರ್ಷ ಹೀಗೇ ನಡೆಯಿತು. ಬನಶಂಕರಿ, ಜೆ.ಪಿ. ನಗರ, ಕನಕಪುರ ರಸ್ತೆ, ಎಲ್ಲಿ ಗುಂಡಿ ತೋಡಿದರೂ ಅವನು ಮಣ್ಣನ್ನು ಹಿಸುಕುತ್ತಿದ್ದ, ಅವಳು ಬಣ್ಣ ಹೇಳುತ್ತಿದ್ದಳು.

“ಒಂದು ಸಲ ನೀವೇ ನೋಡಿ ಹೇಳ್ಬಾರ್ದಾ?” ಎಂದು ರೇಗಿಸಿದರೆ, “ನನ್ನ ಕಣ್ಣು ಬ್ಯಾರೆ ಕಡೆ ಇರ್ತಾವ್ರಿ,” ಎನ್ನುತ್ತಿದ್ದ. ಅವಳಿಗೆ ಕಿವಿಯವರೆಗೂ ಬಿಸಿಯೇರುತ್ತಿತ್ತು. ಗುಂಡಿಗೆ ಇಳಿಯುವ ದಿನಗಳಲ್ಲೂ ಮಲ್ಲಿಗೆ ಮುಡಿಯತೊಡಗಿದಳು. ಅವನು ಮಾತ್ರ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಹೇಳುತ್ತಾನೆ ಎಂದು ಕಾಯುವುದರಲ್ಲೂ ಒಂದು ಸುಖವಿತ್ತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಅವನನ್ನು ಮನೆಗೆ ಊಟಕ್ಕೆ ಕರೆದಳು. ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವನು ಮೆಟ್ಟಿಲ ಮೇಲೇ ನಿಂತುಬಿಟ್ಟ.

“ನಮ್ಮ ಉತ್ತರಹಳ್ಳಿ ಮಣ್ಣಿನ ಬಣ್ಣದ ಸೀರಿ,” ಎಂದ ಮೆಲ್ಲಗೆ. “ಭಾಳ ಒಪ್ಪತದ ನಿಮಗ.”

ಅವಳು ಜೋರಾಗಿ ನಕ್ಕಳು. ಅವನು ನಗಲಿಲ್ಲ.

“ಇದು ಹಸಿರು, ಸಂಗಮೇಶ್.”

ಅವನ ಮುಖ ಇಳಿದುಹೋದುದನ್ನು ನೋಡಿದಾಗ ಅವಳ ನಗೆಯೂ ನಿಂತಿತು.

“ಹುಟ್ಟಿದಾಗಿಂದ ಹಿಂಗ,” ಎಂದ. “ಕೆಂಪು, ಹಸರು, ಕಂದು, ಎಲ್ಲಾ ಒಂದ ಕಾಣತಾವು. ನಮ್ಮ ಕಡೆ ಎಲ್ಲಾ ಕರಿ ಮಣ್ಣು, ತೊಂದ್ರಿ ಆಗಲಿಲ್ಲ. ಇಲ್ಲಿ ಹೇಳಿದ್ರ ಕೆಲಸಾನ ಕೊಡ್ತಿರಲಿಲ್ಲ.”

“ಹಾಗಾದ್ರೆ ದಿನಾ ನನ್ನನ್ನ ಹತ್ರ ಕರೀತಿದ್ದಿದ್ದು ಅದಕ್ಕಾ?”

“ಮೊದಲನೇ ದಿನ ಬಣ್ಣಕ್ಕ ಕರದೆ.”

“ಆಮೇಲೆ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಇಂಚರಳ ಅಮ್ಮ, “ಬನ್ನಿಪ್ಪಾ, ಎಲೆ ಹಾಕಿದೀನಿ,” ಎನ್ನುತ್ತ ಹೊರಬಂದರು. ಅವರು ಒಳಗೆ ಹೋದ ಮೇಲೂ ಅವನು ತಲೆ ಬಗ್ಗಿಸಿಯೇ ನಿಂತಿದ್ದ. ಆ ಮೌನವನ್ನೇ ಅವಳು ಉತ್ತರವೆಂದು ತಿಳಿದಳು.

ಆ ಹಬ್ಬದ ಊಟದಲ್ಲಿ ಏನೇನಿತ್ತೆಂದು ಇಬ್ಬರಿಗೂ ನೆನಪಿಲ್ಲ. ಅವನು ಹೋದ ಮೇಲೆ ಅವಳು ಸೀರೆ ಮಡಿಸಿಡುತ್ತ ಅತ್ತಳು. ತಾನು ಪ್ರೀತಿ ಎಂದುಕೊಂಡದ್ದು ಒಬ್ಬ ಮನುಷ್ಯನ ಕಷ್ಟವಷ್ಟೇ. ಭುಜ ತಾಗಿದ್ದು, ನೋಟ ನೆಟ್ಟಿದ್ದು ಎಲ್ಲವೂ ಒಂದು ಬಣ್ಣದ ಹೆಸರಿಗಾಗಿ. ಮುಡಿದ ಮಲ್ಲಿಗೆಯನ್ನೆಲ್ಲ ನೆನೆದು ನಾಚಿಕೆಯಾಯಿತು.

ಮರುದಿನವೇ ಆಫೀಸಿನ ಮುಖ್ಯಸ್ಥೆ ಕಲ್ಯಾಣಿಯವರ ಬಳಿ ಹೋಗಿ, “ಮೇಡಂ, ಸ್ವಲ್ಪ ದಿನ ನಾನು ಲ್ಯಾಬಲ್ಲೇ ಇರ್ತೀನಿ, ಫೀಲ್ಡ್ ಬೇಡ,” ಎಂದಳು. ಅವನ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಅವನ ಜೊತೆ ಮಾತನ್ನೂ ಆಡಲಿಲ್ಲ.

ಉತ್ತರಹಳ್ಳಿಯಲ್ಲಿ ಸಾಲಾಗಿ ನಾಲ್ಕು ಮನೆ ಕಟ್ಟುವವರೊಬ್ಬರ ಗುಂಡಿಗೆ ಸಂಗಮೇಶ ಒಬ್ಬನೇ ಇಳಿದದ್ದು ಆಗ. ಮೇಲಿನಿಂದ ನಾಲ್ಕಡಿಯವರೆಗೆ ಅದೇ ಕೆಂಪು ಜೇಡಿ. ತಳದಲ್ಲಿ ಮಾತ್ರ ಆ ಕೆಂಪಿನ ನಡುವೆ ಬೂದುಹಸಿರು ಮಚ್ಚೆಗಳಿದ್ದವು. ಜೇಡಿಯಾದರೂ ತಳದವರೆಗೆ ಕೆಂಪಾಗಿದ್ದರೆ ನೀರು ಇಂಗುತ್ತದೆ; ಇಂಗದೆ ನಿಲ್ಲುವ ಕಡೆ ಮಣ್ಣು ಹಾಗೆ ಬಣ್ಣ ಕೆಡುತ್ತದೆ. ಅವನಿಗೆ ಅವು ಕಾಣಲಿಲ್ಲ. ನೀರು ಚೆನ್ನಾಗಿ ಇಂಗುವ ನೆಲ ಎಂದು ಬರೆದುಕೊಟ್ಟ. ಅದನ್ನು ನಂಬಿ ಮನೆಯವರು ಮಳೆನೀರನ್ನೆಲ್ಲ ಅಲ್ಲೇ ಇಂಗುಗುಂಡಿಗೆ ಬಿಟ್ಟರು.

ಮುಂದಿನ ವರ್ಷದ ದೊಡ್ಡ ಮಳೆಗೆ ಇಂಗುಗುಂಡಿ ತುಂಬಿ, ನೀರು ಹಿಂದಕ್ಕೆ ನುಗ್ಗಿತು. ಕೆಳಗಿನ ಮನೆಯಲ್ಲಿ ಬಾಣಂತಿಯೊಬ್ಬಳಿದ್ದಳು, ವನಿತಾ ಎಂದು. ಮಂಚದ ಎತ್ತರಕ್ಕೆ ಬಂದ ಕೆಂಪು ನೀರಿನಲ್ಲಿ ಮಗುವನ್ನು ಎದೆಗವಚಿಕೊಂಡು ನಿಂತಿದ್ದವಳನ್ನು ಅಕ್ಕಪಕ್ಕದವರು ಎತ್ತಿ ಹೊರತಂದರು. ಮಗುವಿಗೆ ಜ್ವರ ಏರಿ, ಒಂದು ವಾರ ಆಸ್ಪತ್ರೆಯಲ್ಲಿಟ್ಟರು. ಬದುಕಿತು.

ಕಲ್ಯಾಣಿ ಇಬ್ಬರನ್ನೂ ಕೂರಿಸಿಕೊಂಡು ಕೇಳಿದರು. “ಪಕ್ಕದಲ್ಲೇ ಮತ್ತೆ ಗುಂಡಿ ತೋಡಿಸಿದೆ. ತಳದಲ್ಲಿ ಇಷ್ಟು ಎದ್ದು ಕಾಣೋ ಮಚ್ಚೆ ಇದೆ. ಬಣ್ಣ ನೋಡಿದ್ದು ಯಾರು?”

“ನಾನು, ಮೇಡಂ. ಲ್ಯಾಬಿಗೆ ಮಣ್ಣು ತಂದಾಗ,” ಎಂದಳು ಇಂಚರ. ಯೋಚಿಸುವ ಮೊದಲೇ ಮಾತು ಬಾಯಿಂದ ಬಂದಿತ್ತು.

“ಸುಳ್ಳ್ರಿ ಅದು!” ಸಂಗಮೇಶ ಎದ್ದು ನಿಂತ. “ಅವರಿಗೆ ನಾ ಆ ಮಣ್ಣ ತೋರಿಸಲೇ ಇಲ್ಲ. ನನಗ ಬಣ್ಣ ಕಾಣೂದಿಲ್ಲ ಮೇಡಂ. ತಪ್ಪು ನಂದ.”

ಕಲ್ಯಾಣಿ ಎದುರಿನ ವರದಿಯನ್ನು ಮುಚ್ಚಿಟ್ಟರು. “ಮೊದಲೇ ಹೇಳಿದ್ರೆ ಇಬ್ಬರನ್ನೂ ಯಾವಾಗಲೂ ಒಟ್ಟಿಗೇ ಕಳಿಸ್ತಿದ್ದೆ ಅಲ್ವೇನ್ರೀ,” ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವನು ಅಂದೇ ಕೆಲಸ ಬಿಟ್ಟ.

ಭಾನುವಾರ ಇಂಚರ ಬಿಟಿಎಂನ ರೂಮಿಗೆ ಹೋದಳು. ಅಲ್ಲಿಗೆ ಹೋದದ್ದು ಅದೇ ಮೊದಲು. ಅವನು ಬಟ್ಟೆ ಮಡಚಿ ಟ್ರಂಕಿಗೆ ತುಂಬುತ್ತಿದ್ದ. ಊರಿನ ಹತ್ತಿರ ಬೀಜದಂಗಡಿಯಲ್ಲಿ ಕೆಲಸವಂತೆ, ಮಧ್ಯಾಹ್ನ ಬಸ್ಸು. ಅವಳು ಸುಮ್ಮನೆ ಕಪಾಟಿನಲ್ಲಿ ಉಳಿದದ್ದನ್ನು ತೆಗೆದುಕೊಡತೊಡಗಿದಳು.

ಬಟ್ಟೆಗಳ ಹಿಂದೆ ಅಂಗೈಯಗಲದ ಒಂದು ಡಬ್ಬಿ ಸಿಕ್ಕಿತು. ಮೇಲಿನ ಪ್ಲಾಸ್ಟಿಕ್ಕನ್ನೂ ಹರಿದಿರಲಿಲ್ಲ. ಅದೇನೆಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಮಣ್ಣಿನ ಮೇಲಿಟ್ಟರೆ ಬಣ್ಣ ಯಾವುದೆಂದು ಫೋನಿನಲ್ಲಿ ತೋರಿಸುವ ಯಂತ್ರ.

“ಇದನ್ನ ಯಾವಾಗ ತಗೊಂಡ್ರಿ?”

“ಸೇರಿದ ವರ್ಷಾನ.”

“ಮತ್ತೆ ಯಾಕೆ ತೆಗೀಲೇ ಇಲ್ಲ?”

ಅವನು ಟ್ರಂಕಿನ ಅಂಚು ಹಿಡಿದು ಕುಳಿತ. “ತೆಗದ್ರ ನಿಮ್ಮನ್ನ ಹತ್ರ ಕರಿಯಾಕ ಕಾರಣ ಉಳೀತಿರಲಿಲ್ಲ. ನೀವು ದೂರ ನಿಂತಬಿಡ್ತಿದ್ರಿ.”

ಇಂಚರ ಆ ಡಬ್ಬಿ ಹಿಡಿದು ನಿಂತೇ ಇದ್ದಳು. ಮೊದಲಿನಿಂದಲೂ ಅವಳು ಕೇಳಬೇಕೆಂದು ಹಂಬಲಿಸಿದ ಮಾತು ಅದು. ಕಣ್ಣು ತುಂಬಿ ರೂಮೆಲ್ಲ ಮಸುಕಾಯಿತು.

“ಹಬ್ಬದ ದಿನ ಯಾಕೆ ಹೇಳ್ಲಿಲ್ಲ?”

“ಸಿಕ್ಕಿಬಿದ್ದ ಕಳ್ಳ ಪ್ರೀತಿ ಅಂದ್ರ ಯಾರ್ ನಂಬ್ತಾರ್ರಿ?”

“ನಾನು ನಂಬ್ತಿದ್ದೆ. ಈಗಲೂ ನಂಬ್ತೀನಿ. ಹೋಗ್ಬೇಡಿ.”

ಅವನು ತಲೆಯಲ್ಲಾಡಿಸಿದ. “ಆ ಗುಂಡ್ಯಾಗ ಒಬ್ಬನ ಇಳದಾಗರ ಇದನ್ನ ತೆಗೀಬಹುದಿತ್ತು. ತೆಗೀಲಿಲ್ಲ. ತೆಗದ್ರ ನೀವು ಇನ್ನ ಬರೂದಿಲ್ಲ ಅಂತ ಒಪ್ಪಿಕೊಂಡಂಗ ಅನಿಸ್ತು. ನನ್ನ ಆಸೆಗೆ ಆ ತಾಯಿ ಮಂಚದ ಎತ್ತರದ ನೀರಾಗ ಕೂಸು ಹಿಡಕೊಂಡು ನಿಂತಳು. ಇನ್ನ ನಿಮ್ಮ ಮುಖ ನೋಡಿದಾಗೆಲ್ಲಾ ನನಗ ಆಕಿ ಕಾಣತಾಳ. ಹೆಂಗ ಬದುಕ್ಲಿ ಹೇಳ್ರಿ?”

ಅವಳು ಡಬ್ಬಿಯನ್ನು ಟ್ರಂಕಿನೊಳಗಿಟ್ಟಳು. ಅವನು ಹೇಳಿದ್ದು ನಿಜವೆಂದು ಅವಳಿಗೂ ಗೊತ್ತಿತ್ತು.

ಕೆಳಗೆ ಆಟೋ ಹಾರ್ನ್ ಮಾಡಿತು. ಟ್ರಂಕಿನ ಒಂದು ಹಿಡಿಯನ್ನು ಅವನು, ಇನ್ನೊಂದನ್ನು ಅವಳು ಹಿಡಿದು ಮೆಟ್ಟಿಲಿಳಿದರು. ಎಲ್ಲವನ್ನೂ ಒಳಗಿಟ್ಟು ಅವನು ಹತ್ತಿ ಕುಳಿತ.

ಅವಳು ಆಟೋದ ಕಂಬಿ ಹಿಡಿದು ಬಗ್ಗಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು.

“ನೀನು ಆ ಡಬ್ಬಿ ತೆಗೆದಿದ್ರೂ ನಾನು ದೂರ ನಿಲ್ತಿರ್ಲಿಲ್ಲ ಕಣೋ.”

ಸಂಗಮೇಶ ಅವಳ ಕೈಯ ಮೇಲೆ ಕೈಯಿಟ್ಟ.

“ಹೋಗೋಣ್ವಾ ಸಾರ್?” ಎಂದ ಆಟೋದವನು.

ಅವನ ಕೈ ಇನ್ನೂ ಅಲ್ಲೇ ಇತ್ತು. ಕಂಬಿಯಿಂದ ಬೆರಳುಗಳನ್ನು ಬಿಡಿಸಿಕೊಂಡು ಹಿಂದೆ ಸರಿದವಳು ಅವಳೇ.