ಹದಿನಾಲ್ಕನೇ ಫ್ರೇಮ್‌ನ ಮುಖ

"ಕೈ ಇನ್ನೂ ಸ್ವಲ್ಪ ಮೇಲೆ... ಇನ್ನೂ ಸ್ವಲ್ಪ... ಹಾಂ, ಅಲ್ಲೇ! ಅಲ್ಲೇ ಇರಿ!"

ಅವಳು ಕೂಗಿದ್ದೇ ತಡ, ಅವನು ಬಲಗೈ ಎತ್ತಿಕೊಂಡೇ ನಿಂತುಬಿಟ್ಟ. ದೊಡ್ಡ ಕಿಟಕಿಗಳಿಂದ ಇಳಿದ ಬೆಳಗಿನ ಬಿಸಿಲು ವ್ಯಾಯಾಮದ ಕೋಣೆಯ ನೀಲಿ ಚಾಪೆಗಳ ಮೇಲೆ ಚೆಲ್ಲಿತ್ತು. ಆ ಬೆಳಕಿನಲ್ಲಿ ಅವನ ಬೆರಳ ತುದಿಗಳು ಹೊಳೆಯುತ್ತಿದ್ದವು.

ಕ್ಯಾಮೆರಾದ ಹಿಂದೆ ನಿಂತಿದ್ದ ಅವಳಿಗೆ ಗುಂಡಿ ಒತ್ತುವುದೇ ಮರೆತುಹೋಯಿತು!

"ಮೇಡಂ, ಇಳಿಸಬಹುದಾ? ಇಲ್ಲ ನಾನು ಇವತ್ತಿಡೀ ಹೀಗೇನಾ?"

"ಅಯ್ಯೋ, ಸಾರಿ! ಇಳಿಸಿ... ಇಲ್ಲ ಇಲ್ಲ, ಇನ್ನೊಂದ್ಸಲ ಎತ್ತಿ! ರೆಕಾರ್ಡೇ ಆಗಿಲ್ಲ!"

ಅವನು ನಕ್ಕ. ಅವಳ ಕಿವಿ ಕೆಂಪಾಯಿತು.

ಆ ಚಿಕಿತ್ಸಾಲಯದಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೂಳೆ ಮುರಿದುಕೊಂಡವರಿಗೆ, ಕೀಲು ಹಿಡಿದುಕೊಂಡವರಿಗೆ ವ್ಯಾಯಾಮ ಹೇಳಿಕೊಡುವುದು ಅವನ ಕೆಲಸ. ರೋಗಿಗಳು ಮನೆಯಲ್ಲೂ ಫೋನ್ ನೋಡಿಕೊಂಡು ಮಾಡಲಿ ಎಂದು ಆ ವ್ಯಾಯಾಮಗಳನ್ನು ಚಲಿಸುವ ಪುಟ್ಟ ಚಿತ್ರಗಳಾಗಿಸುವುದು ಅವಳ ಕೆಲಸ. ಮನೆಯಲ್ಲಿ ಅಕ್ಕನ ಬಾಯಲ್ಲಿ ಅವಳು ಬರೀ ಗುಬ್ಬಿ.

ಮಧ್ಯಾಹ್ನ ಮನೆಗೆ ಬಂದ ಗುಬ್ಬಿ, ಬಲಗೈಯ ವ್ಯಾಯಾಮವನ್ನು ಕಂಪ್ಯೂಟರ್‌ನಲ್ಲಿ ತೆರೆದಳು. ಒಟ್ಟು ಇಪ್ಪತ್ತನಾಲ್ಕು ಫ್ರೇಮ್, ಅಂದರೆ ಅಷ್ಟು ಬಿಡಿ ಚಿತ್ರ. ಮೊದಲನೆಯದೂ ಕೊನೆಯದೂ ಸರಿಯಾಗಿ ಕೂಡಿಕೊಂಡರೆ ಚಿತ್ರ ಎಲ್ಲೂ ಜರ್ಕ್ ಹೊಡೆಯದೆ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಒಂದೊಂದೇ ಫ್ರೇಮ್ ನೋಡಬೇಕು.

ಬಾಣದ ಗುರುತಿನ ಕೀ ಒತ್ತಿದಳು. ಒಂದು... ಎರಡು... ಮೂರು...

ನೀರಿನೊಳಗೆ ಎತ್ತಿದಂತೆ ಅವನ ಕೈ ನಿಧಾನವಾಗಿ, ಬಹಳ ನಿಧಾನವಾಗಿ ಮೇಲೇಳುತ್ತಿತ್ತು. ಸುತ್ತಲಿನ ಸದ್ದೆಲ್ಲ ದೂರ ಸರಿದಂತಿತ್ತು. ಇಡೀ ಲೋಕ ಅವಳ ಒಂದು ಬೆರಳಿಗೆ ಕಾದು ನಿಂತಿದೆಯೇನೋ!

ಹನ್ನೆರಡು... ಹದಿಮೂರು... ಹದಿನಾಲ್ಕು.

ಅವಳ ಬೆರಳು ನಿಂತಿತು.

ಅವನ ಹುಬ್ಬು ಗಂಟಿಕ್ಕಿತ್ತು. ತುಟಿ ಬಿಗಿದಿತ್ತು. ಕಣ್ಣು ನೇರ ಅವಳು ನಿಂತಿದ್ದ ಕಡೆಗೇ ಇತ್ತು. ಹದಿನೈದನೆಯದರಲ್ಲಿ ಮತ್ತೆ ಅದೇ ನಗು!

"ಅಕ್ಕಾ, ಇಲ್ಲಿ ಬಾರೇ. ಈ ಮುಖ ನೋಡಿದ್ರೆ ಏನನ್ಸುತ್ತೆ?"

ಅಕ್ಕ ಟವೆಲ್ ಮಡಚುತ್ತಲೇ ಬಗ್ಗಿ ನೋಡಿದಳು. "ಕಷಾಯ ಕುಡಿದೋರ ಥರ ಇದೆ. ಎದುರಿಗೆ ಯಾರಿದ್ರು?"

"...ನಾನು."

"ಹಂಗಾದ್ರೆ ಸರಿ ಬಿಡು!" ಅಕ್ಕ ಕಿಸಕ್ಕನೆ ನಕ್ಕು ಒಳಗೆ ಹೋದಳು.

ಅಕ್ಕನದು ತಮಾಷೆ. ಗುಬ್ಬಿಗೆ ಮಾತ್ರ ಎದೆಯಲ್ಲಿ ಮುಳ್ಳಾಡಿದ ಹಾಗಾಯಿತು. 'ನನ್ನನ್ನು ಕಂಡರೆ ಇಷ್ಟು ಬೇಸರವೇ? ಮೇಲಿನ ನಗುವೆಲ್ಲ ಬರೀ ಮರ್ಯಾದೆಗಾ?'

ಮರುದಿನದಿಂದ ಅವಳ ಮಾತು ಅಳೆದು ತೂಗಿ ಬರತೊಡಗಿತು. "ಎತ್ತಿ." "ಇಳಿಸಿ." "ಸಾಕು."

"ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ?" ಮೂರನೇ ದಿನ ಅವನು ಕೇಳಿಯೇಬಿಟ್ಟ.

"ಏನಿಲ್ಲ. ಕೆಲಸ ಬೇಗ ಮುಗಿದ್ರೆ ಇಬ್ರಿಗೂ ಒಳ್ಳೇದು."

ಅವನ ಮುಖ ಬಾಡಿತು. ಅವಳು ಕ್ಯಾಮೆರಾದಿಂದ ತಲೆ ಎತ್ತಲೇ ಇಲ್ಲ.

ಆ ವಾರದ ಕೊನೆಗೆ ಎಡಗೈಯ ಚಿತ್ರಗಳ ಸರದಿ ಬಂತು. ಬೇಡ ಬೇಡ ಎನ್ನುತ್ತಲೇ ಅವಳು ಹದಿನಾಲ್ಕನೇ ಫ್ರೇಮ್‌ಗೆ ಬಂದಳು.

ಅರೆ!

ಹುಬ್ಬು ಗಂಟಿಕ್ಕಿಲ್ಲ. ಅವನ ನೋಟ ಲೆನ್ಸ್ ಬಿಟ್ಟು ತುಸು ಮೇಲಕ್ಕೆ ಏರಿದೆ... ಕ್ಯಾಮೆರಾದ ಹಿಂದಿದ್ದ ಅವಳ ಮುಖದ ಮೇಲೆ ನಿಂತಿದೆ. ಎಷ್ಟು ಮೆತ್ತಗಿನ ನೋಟ ಅದು!

ಅವಳು ಬಲಗೈಯ ಒಂಬತ್ತು ಚಿತ್ರಗಳನ್ನೂ ಒಂದೊಂದಾಗಿ ತೆರೆದಳು. ತೋಳು ಭುಜದ ಮಟ್ಟ ದಾಟುವಾಗಲೆಲ್ಲ ಒಂದೇ ಒಂದು ಫ್ರೇಮ್... ಅದೇ ಹುಬ್ಬು, ಅದೇ ಬಿಗಿದ ತುಟಿ. ಎಡಗೈಯ ಒಂದರಲ್ಲೂ ಇಲ್ಲ.

ಅದು ಬೇಸರ ಅಲ್ಲ. ನೋವು!

'ಅಯ್ಯೋ ದೇವರೇ... ಇನ್ನೊಂದ್ಸಲ, ಇನ್ನೊಂದ್ಸಲ ಅಂತ ನಾನೇ ಎತ್ತಿಸಿದೆನಲ್ಲಾ!'

ಚಪ್ಪಲಿ ಮೆಟ್ಟಿದವಳೇ ಚಿಕಿತ್ಸಾಲಯಕ್ಕೆ ಓಡಿದಳು. ಅವನು ವಯಸ್ಸಾದ ರೋಗಿಯೊಬ್ಬರನ್ನು ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದ. ಅವರು ಹೊರಟ ಮೇಲೆ ಅವಳು ಎದುರಿಗೆ ನಿಂತಳು.

"ನಿಮ್ಮ ಬಲಭುಜ ಎಷ್ಟು ದಿನದಿಂದ ನೋಯ್ತಿದೆ?"

ಅವನು ಬೆಚ್ಚಿದ. "ಯಾರು ಹೇಳಿದ್ರು?"

"ನೀವೇ! ಒಂಬತ್ತು ಸಲ ಹೇಳಿದೀರ. ಕಿವಿಯಿಂದ ಕೇಳೋ ಹಾಗಿರಲಿಲ್ಲ, ಅಷ್ಟೇ."

ಅವಳು ಆ ಫ್ರೇಮ್ ತೆರೆದ ಫೋನನ್ನು ಅವನ ಮುಂದೆ ಹಿಡಿದಳು. ತನ್ನ ಮುಖವನ್ನು ತಾನೇ ನೋಡಿ ಅವನ ಬಣ್ಣ ಇಳಿಯಿತು.

"ಯಾರಿಗೂ ಹೇಳಬೇಡಿ, ಪ್ಲೀಸ್... ಈ ಕೆಲಸ ಮುಗಿಯೋವರೆಗೆ."

"ಅಲ್ಲಿವರೆಗೆ ಭುಜ ಉಳಿಬೇಕಲ್ಲ! ನಿಮ್ಮ ರೋಗಿ ಹೀಗೆ ಮುಚ್ಚಿಟ್ರೆ ಬಿಡ್ತಿದ್ರಾ?" ಅವಳು ಫೋನ್ ಕೆಳಗಿಳಿಸಿದಳು. "ನಾನು ಹೇಳಲ್ಲ. ನೀವೇ ಹೇಳ್ಬೇಕು. ಇವತ್ತೇ."

ಅವನು ಸರ್ರನೆ ತಿರುಗಿ ಹೊರಟುಹೋದ.

ಮರುದಿನ ಕೋಣೆ ಖಾಲಿ. ನೀಲಿ ಚಾಪೆಗಳ ಮೇಲೆ ಬಿಸಿಲೊಂದೇ. 'ಕೋಪ ಮಾಡಿಕೊಂಡುಬಿಟ್ಟರಾ?' ಅವಳ ಕಣ್ಣು ತುಂಬಿಕೊಂಡಾಗ ಹಿಂದಿನಿಂದ ದೊಡ್ಡ ಡಾಕ್ಟರಮ್ಮನ ದನಿ ಕೇಳಿತು.

"ಮೇಷ್ಟ್ರು ಸ್ಕ್ಯಾನ್‌ಗೆ ಹೋಗಿದ್ದಾರೆ ಕಣಮ್ಮ. ಈಗಷ್ಟೇ ಫೋನ್ ಬಂತು, ಭುಜದ ಮಾಂಸಖಂಡ ಅರ್ಧ ಹರಿದಿದೆಯಂತೆ. ಇನ್ನೊಂದು ತಿಂಗಳು ಹೀಗೇ ಎಳೆದಾಡಿದ್ದಿದ್ರೆ ಆ ಕೈ ಮೇಲೇಳ್ತಾನೇ ಇರಲಿಲ್ಲ. ಯಾರೋ ಬೈದು ಕಳಿಸಿದ್ರಂತೆ... ಪುಣ್ಯಾತ್ಮರು!"

ಡಾಕ್ಟರಮ್ಮ ಅವಳನ್ನೇ ನೋಡಿ ನಕ್ಕರು.

ಆರು ವಾರ ಅವನ ಕೈ ಜೋಳಿಗೆಯಂಥ ಪಟ್ಟಿಯಲ್ಲಿತ್ತು. ನೋವಿನ ಮುಖದ ಚಿತ್ರಗಳನ್ನು ಗುಬ್ಬಿ ಅಳಿಸಿಹಾಕಿ, ಎಡಗೈಯವನ್ನೇ ಕನ್ನಡಿಯ ಬಿಂಬದಂತೆ ತಿರುಗಿಸಿ ಬಲಗೈಯಾಗಿಸಿ ಕೆಲಸ ಮುಗಿಸಿಕೊಟ್ಟಳು. ಮುಗಿದ ಮೇಲೂ ಚಿಕಿತ್ಸಾಲಯಕ್ಕೆ ಬರುವುದನ್ನು ಬಿಡಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಮೇಷ್ಟ್ರೇ ವಿದ್ಯಾರ್ಥಿ! ಅವಳು ಅವನದೇ ಚಿತ್ರವನ್ನು ಎದುರಿಗಿಟ್ಟುಕೊಂಡು ಕೂರುತ್ತಿದ್ದಳು.

"ಇವತ್ತು ಆರನೇ ಫ್ರೇಮ್‌ವರೆಗೆ ಮಾತ್ರ ಅಂದಿದ್ದಾರೆ ಡಾಕ್ಟರಮ್ಮ."

"ಏಳು ಮಾಡ್ಲಾ?"

"ಮಾಡಿ ನೋಡಿ! ಎದ್ದು ಹೋಗ್ತೀನಿ."

ಅವನು ಆರಕ್ಕೇ ನಿಲ್ಲಿಸುತ್ತಿದ್ದ. ಮುಂದಿನ ವಾರ ಏಳು. ಆಮೇಲೆ ಎಂಟು. ಗಿಡವೊಂದು ಯಾರಿಗೂ ತಿಳಿಯದಂತೆ ಬೆಳೆಯುವ ಹಾಗೆ ಆ ಕೈ ಮೇಲೇರುತ್ತಿತ್ತು. ಸೆಕೆಂಡಿನಲ್ಲಿ ಮುಗಿಯುವ ಚಲನೆಗೆ ಇಬ್ಬರೂ ಎರಡು ತಿಂಗಳು ತೆಗೆದುಕೊಂಡರು. ಅವಳಿಗೆ ಅದು ಇನ್ನೂ ನಿಧಾನವಾಗಬಾರದೇ ಎನಿಸುತ್ತಿತ್ತು...

ಒಂದು ಸಂಜೆ, ಎಲ್ಲ ರೋಗಿಗಳೂ ಹೋದ ಮೇಲೆ, ಅವನ ಬಲಗೈ ಭುಜದ ಮಟ್ಟ ದಾಟಿತು. ಅವಳು ಉಸಿರು ಬಿಗಿಹಿಡಿದು ಪರದೆಯನ್ನಲ್ಲ, ಅವನ ಮುಖವನ್ನೇ ನೋಡಿದಳು.

ಹುಬ್ಬು ಗಂಟಿಕ್ಕಲಿಲ್ಲ.

"ನೋವು?"

"ಇಲ್ಲ."

"ನಿಜ ಹೇಳಿ!"

"ನಿನ್ನ ಹತ್ರ ಸುಳ್ಳು ಹೇಳಿ ದಕ್ಕಿಸ್ಕೊಳ್ಳೋಕಾಗುತ್ತಾ?"

'ನಿನ್ನ' ಎಂದಿದ್ದ! ಇಬ್ಬರಿಗೂ ಕೇಳಿಸಿತು.

"ಅವತ್ತು ಯಾಕೆ ಮುಚ್ಚಿಟ್ರಿ?" ಅವಳು ಮೆಲ್ಲಗೆ ಕೇಳಿದಳು.

"ಕೈ ನೋವು ಅಂದ್ರೆ ಇನ್ಯಾರನ್ನಾದ್ರೂ ನಿಲ್ಲಿಸಿ ಶೂಟಿಂಗ್ ಮಾಡಿಸ್ತಿದ್ರು. ದಿನಾ ಬೆಳಿಗ್ಗೆ ನಿನ್ನ ನೋಡೋದು ತಪ್ಪುತ್ತಿತ್ತು... ಅಷ್ಟೇ. ಹುಚ್ಚು ಅನ್ನು."

"ಹುಚ್ಚೇ! ಒಂದು ಮಾತು ಕೇಳಿದ್ರೆ ಸುಮ್ನೆ ಬಂದು ಎದುರಿಗೆ ಕೂರ್ತಿದ್ದೆ."

ಅವಳ ಕೆನ್ನೆಯ ಮೇಲೆ ಹನಿ ಜಾರಿತು. ಅವನು ಬಲಗೈಯನ್ನು ನಿಧಾನವಾಗಿ ಇಳಿಸಿ, ಅಂಗೈ ಬಿಚ್ಚಿ ಅವಳ ಮುಂದೆ ಚಾಚಿದ.

"ಕೇಳಬೇಕಾದ್ದು ಬೇರೆ ಇದೆ. ನನ್ನ ಕೈ ಹಿಡೀತೀಯಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಯಾವ್ದು? ನೋವಿದ್ದಿದ್ದಾ, ಇಲ್ಲದ್ದಾ?"

"ಎರಡೂ."

"ಮೊದ್ಲು ಇದು ಕೊಡಿ," ಎಂದು ಅವಳು ಆ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಇದಕ್ಕೇ ಜಾಸ್ತಿ ಜೋಪಾನ ಬೇಕಿರೋದು."