ಮಧ್ಯಾಹ್ನದ ಬಿಸಿಲಿಗೆ ಕರಿ ಗಾಜು

ಏಪ್ರಿಲ್ ಕೊನೆಯ ಬುಧವಾರ ಸಂಜೆ ನಾಲ್ಕೂ ಕಾಲಿಗೆ ಅಂಜಲಿ ಮರುಳಸಿದ್ದಮ್ಮನವರ ಗೇಟು ತೆಗೆದಾಗ ನಾನು ಅಲ್ಲೇ ಜಗಲಿಯ ಮೇಲೆ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದೆ. ಅವಳ ಹಿಂದೆ ಕಾರು ಡ್ರೈವರ್ ತಾಯಪ್ಪ ನಿಂತಿದ್ದ.

“ಅಮ್ಮಾರ, ಆರು ಗಂಟೆಗೆ ನನ್ನ ಹೆಸರು ಹೋಗ್ತೈತ್ರಿ,” ಎಂದಳು.

“ಕುಂದ್ರು ಮೊದ್ಲು. ಹೋಗಾಕ ಇನ್ನಾ ಒಂದೂ ಮುಕ್ಕಾಲು ತಾಸು ಐತಿ,” ಎಂದರು ಸಿದ್ದಮ್ಮ.

ಸಿದ್ದಮ್ಮ ಹೊಸಪೇಟೆಯಲ್ಲಿ ಮೂವತ್ತೆರಡು ವರ್ಷ ಫೋಟೊ ಸ್ಟುಡಿಯೊ ನಡೆಸಿದವರು. ಸ್ಟುಡಿಯೊ ಮುಚ್ಚಿದ ಮೇಲೂ ಊರಿನ ಜನ ತಮ್ಮ ಬಿಡಿಸಲಾಗದ ಸಿಕ್ಕುಗಳನ್ನು ಅವರ ಜಗಲಿಗೆ ತರುವುದು ನಿಂತಿಲ್ಲ. ನಾನು ಕೊಟ್ರಯ್ಯ, ಪಕ್ಕದ ಮನೆಯವನು, ಪತ್ರಿಕೆಯ ಸುದ್ದಿಮನೆಯಿಂದ ನಿವೃತ್ತನಾದವನು. ಅವರು ಬಿಡಿಸಿದ ಸಿಕ್ಕುಗಳನ್ನು ತಾರೀಖು, ಸಮಯದ ಸಮೇತ ಬರೆದಿಡುವುದು ನನ್ನ ಪಾಲಿನ ಕೆಲಸ.

ಅಂಜಲಿ ಹೇಳಿದ್ದು ಇಷ್ಟು. ಭಾನುವಾರ ಕಂಪ್ಲಿಯಲ್ಲಿ ಮದುವೆ. ಅದಕ್ಕೂ ಮುಂಚಿನ ಫೋಟೊ, ವಿಡಿಯೊಗಾಗಿ ಸ್ಟುಡಿಯೊ ಮಾಲೀಕ ಲಿಂಗರಾಜ್, ವಿಡಿಯೊ ತೆಗೆಯುವ ವೀರೇಶ್ ಮತ್ತು ಲೈಟ್ ಹಿಡಿಯುವ ಸಹಾಯಕಿಯಾಗಿ ಅವಳು ಬೆಳಿಗ್ಗೆ ಹಂಪಿಯ ನದಿದಂಡೆಗೆ ಹೋಗಿದ್ದರು. ಹತ್ತು ಗಂಟೆಗೆ ಲಿಂಗರಾಜ್ ತನ್ನ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಕರಿ ಗಾಜಿನ ಎನ್‌ಡಿ ಫಿಲ್ಟರ್ ಹಾಕಿ ವಧೂವರರ ಫೋಟೊ ತೆಗೆದ, ಬಿಚ್ಚಿ ಬಂಡೆಯ ಮೇಲಿಟ್ಟ. ಹನ್ನೊಂದೂವರೆಗೆ ನೋಡಿದರೆ ಫಿಲ್ಟರ್ ಇಲ್ಲ. ಕಂಡಿಲ್ಲವೆಂದು ಎಲ್ಲರೂ ಹೇಳಿದರು. ಮೂರು ಗಂಟೆಗೆ ಸ್ಟುಡಿಯೊದಲ್ಲಿ ಚೀಲಗಳನ್ನು ತೆಗೆಸಿದಾಗ ಅದು ಅಂಜಲಿಯ ಚೀಲದಲ್ಲಿತ್ತು.

“ಆರು ಗಂಟೆಯೊಳಗ ಒಪ್ಕೊ, ಇಲ್ಲಾಂದ್ರ ಫೋಟೊಗ್ರಾಫರ್‌ಗಳ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕ್ತೀನಿ ಅಂದಾರ್ರಿ. ಹೊಸಪೇಟೆ, ಸಂಡೂರು, ಕಂಪ್ಲಿ, ಎಲ್ಲಾರೂ ಅದ್ರಾಗ ಅದಾರ. ಆಮ್ಯಾಲೆ ನನ್ನ ಕೈಯಾಗ ಕ್ಯಾಮೆರಾ ಯಾರು ಕೊಡ್ತಾರ್ರಿ?”

“ಚೀಲದಾಗ ಎಲ್ಲಿ ಸಿಕ್ತು?”

“ಎಡಗಡೆ ಸಣ್ಣ ಪಾಕೆಟ್‌ನ್ಯಾಗ. ನಾ ಅಲ್ಲಿ ಪಿನ್ನಿನ ಡಬ್ಬಿ ಇಡ್ತೀನ್ರಿ. ಅದರ ಬಾಜೂಕ, ಮೆತ್ತನೆ ಬಟ್ಟಿ ಸುತ್ತಿ ಇಟ್ಟಿತ್ತು.”

“ಚೀಲ ಎಲ್ಲಿತ್ತು?”

ತಾಯಪ್ಪ ಬಾಯಿಬಿಟ್ಟ. “ಮೂರೂ ಚೀಲ ನನ್ನ ಡಿಕ್ಕಿಯಾಗ ಇದ್ವು ಅಮ್ಮಾರ. ಫೋಟೊಗ್ರಾಫರ್‌ಗಳ ಸಂಘದ ಸಮಾವೇಶದಾಗ ಹಂಚಿದ್ವು, ಮೂರೂ ಒಂದs ನಮೂನಿ, ಕರೇವು. ಎರಡು ಗಂಟೆಗೆ ಬುತ್ತಿ ತಗೊಳ್ಳಾಕ ಒಬ್ಬೊಬ್ರಾಗಿ ಎಲ್ರೂ ಬಂದ್ರು. ನಾ ಡಿಕ್ಕಿ ತೆಗೆದು ಕೊಟ್ಟು ನೆಳ್ಳಿಗೆ ಹೋಗಿ ಕುಂತೆ.”

“ವೀರೇಶಗ ತನ್ನದೊಂದು ಫಿಲ್ಟರ್ ಇರ್ಲಿಲ್ಲೇನು?”

“ಹೋದ ವಾರ ಸಂಡೂರಿನಾಗ ಬಿದ್ದು ಒಡೀತ್ರಿ,” ಎಂದಳು ಅಂಜಲಿ. “ಲಿಂಗರಾಜಣ್ಣ ತಮ್ಮದು ಯಾರಿಗೂ ಮುಟ್ಟಾಕ ಕೊಡಂಗಿಲ್ಲ. ಹೆಂಡ್ತಿ ಮುಟ್ಟಿದ್ರೂ ಬೈತಾರ.”

ಸಿದ್ದಮ್ಮ ನಕ್ಕರು. ಫೋನು ತೆಗೆದು ಲಿಂಗರಾಜನಿಗೆ ಒಂದೇ ಮಾತು ಹೇಳಿದರು: “ಐದಕ್ಕ ಬಾರಪಾ, ವೀರೇಶನ್ನೂ ಕರ್ಕೊಂಬಾ. ಇವತ್ತಿನ ಕ್ಯಾಮೆರಾ ಕಾರ್ಡುಗಳು, ಲ್ಯಾಪ್‌ಟಾಪು ಇರ್ಲಿ.”

ಐದಕ್ಕೆ ಜಗಲಿ ತುಂಬಿತು. ಲಿಂಗರಾಜ್ ಫೋನಿನಲ್ಲಿ ಆಗಲೇ ಮೆಸೇಜು ಬರೆದಿಟ್ಟುಕೊಂಡಿದ್ದ. ವೀರೇಶ್ ಕಂಬಕ್ಕೆ ಒರಗಿ ನಿಂತ. ಸಿದ್ದಮ್ಮ ಕಾರ್ಡಿನಿಂದ ನೇರವಾಗಿ ಒಂದೊಂದೇ ತುಣುಕು ನೋಡುತ್ತ ಹೋದರು. ಒಂದು ವಿಡಿಯೊ ಬಂದಾಗ ಕೈ ನಿಲ್ಲಿಸಿದರು. ವಧು ನಗುತ್ತ ಬೊಗಸೆಯಿಂದ ನೀರು ಎರಚುತ್ತಿದ್ದಳು.

“ಎಷ್ಟು ಚಂದ ತೆಗ್ದೀಯೋ ವೀರೇಶ! ಇದನ್ನ ಎಷ್ಟು ಗಂಟೆಗೆ ತೆಗ್ದಿ?”

“ಹನ್ನೆರಡೂ ಮುಕ್ಕಾಲಿಗ್ರಿ.” ಹೊಗಳಿಕೆಗೆ ಅವನ ಮುಖ ಅರಳಿತು.

“ಫೈಲು ಹನ್ನೆರಡೂ ಐವತ್ತೆರಡು ಅಂತೈತಿ. ಆಕೀ ನೆರಳೂ ಕಾಲಡಿಗೇ ಐತಿ. ಸುಳ್ಳಲ್ಲ. ಕೊಟ್ರಯ್ಯನವರ, ಬರ್ಕೊಳ್ರಿ.”

ನಾನು ಬರೆದುಕೊಂಡೆ.

“ಹಿಂದಿನ ಮಂಟಪದ ಕಂಬ ನೋಡ್ರಿ ಎಲ್ಲಾರೂ. ತುಪ್ಪ ಕರಗಿದಂಗ ಮಸುಕಾಗಿ ಕರಗ್ಯಾವು. ಹಂಗ ಆಗಬೇಕಂದ್ರ ಲೆನ್ಸಿನ ಬಾಯಿ ಪೂರ್ತಿ ತೆರೆದಿರಬೇಕು. ಒಂದು ಪಾಯಿಂಟ್ ನಾಲ್ಕು. ಹೌದಲ್ಲೋ?”

“ಹೌದ್ರಿ,” ಎಂದ ವೀರೇಶ್, ಸ್ವಲ್ಪ ನಿಧಾನವಾಗಿ.

“ಆ ಬಿಸಿಲಿಗೆ ಅಷ್ಟು ಬಾಯಿ ತೆರೆದ್ರ ಬೆಳಕು ನುಗ್ಗಿ ಚಿತ್ರ ಬೆಳ್ಳಗಾಗ್ತೈತಿ. ತಪ್ಪಿಸ್ಕೊಳ್ಳಾಕ ಶಟರ್ ಜಲ್ದಿ ಬಡೀಬೇಕು, ಸೆಕೆಂಡಿನ ಹನ್ನೆರಡು ಸಾವಿರದ ಎಂಟುನೂರನೇ ಒಂದು ಪಾಲು. ಹಂಗ ಬಡಿದಿದ್ರ ನೀರಿನ ಹನಿ ಮುತ್ತಿನಂಗ ದುಂಡಗ ನಿಲ್ತಿದ್ವು. ಇಲ್ಲಿ ಗೀರು ಎಳೆದಂಗ ಉದ್ದಕಾಗ್ಯಾವು. ಅಂದ್ರ ಶಟರ್ ಐವತ್ತನೇ ಒಂದು ಪಾಲು, ವಿಡಿಯೊದವ್ರು ಇಡೋದು ಅಷ್ಟೇ.”

ಲಿಂಗರಾಜ್ ಫೋನು ಕೆಳಗಿಟ್ಟ.

“ಬಾಯಿ ಮುಚ್ಚಿಲ್ಲ, ಶಟರ್ ಓಡಿಲ್ಲ. ಬೆಳಕು ಕಮ್ಮಿ ಆಗೈತಿ. ಅಂದ್ರ ಲೆನ್ಸಿನ ಮುಂದ ಕರಿ ಗಾಜು ಇತ್ತು. ಲಿಂಗರಾಜ, ನಿನ್ನ ಫಿಲ್ಟರ್ ಎಷ್ಟು ಸ್ಟಾಪಿಂದು?”

“ಎಂಟು.”

“ಎಂಟು ಸಲ ಅರ್ಧರ್ಧ. ಇನ್ನೂರೈವತ್ತಾರರಾಗ ಒಂದು ಪಾಲು ಬೆಳಕು ಒಳಗ ಬಿಡ್ತೈತಿ. ಹನ್ನೆರಡು ಸಾವಿರದ ಎಂಟುನೂರನ್ನ ಇನ್ನೂರೈವತ್ತಾರರಿಂದ ಭಾಗಿಸ್ರಿ ಕೊಟ್ರಯ್ಯನವರ.”

ನಾನು ಭಾಗಿಸಿದೆ. ಸರಿಯಾಗಿ ಐವತ್ತು ಬಂತು.

“ವೀರೇಶನ ಫಿಲ್ಟರ್ ಸಂಡೂರಿನಾಗ ಒಡೆದೈತಿ. ನಿನ್ನದು ಕಳೆದು ಒಂದೂ ಕಾಲು ತಾಸಿನ ಮ್ಯಾಲೆ ಇವನ ಲೆನ್ಸಿನ ಮುಂದ ಯಾವ್ದಿತ್ತು?”

ಲಿಂಗರಾಜ್ ತಿರುಗಿದ. “ಲೇ ವೀರೇಶ!”

“ನೀವು ಕೇಳಿದ್ರ ಕೊಡ್ತಿದ್ರೇನಣ್ಣ?” ಎಂದು ವೀರೇಶ್ ನೆಲ ನೋಡುತ್ತ ಹೇಳಿದ. “ಆ ಬಿಸಿಲಾಗ ಆ ಹಿನ್ನೆಲಿ ಬ್ಯಾರೆ ಹೆಂಗ ಬರಬೇಕು? ಒಂದು ಶಾಟಿಗೆ ಅಂತ ತಗೊಂಡೆ. ಅಷ್ಟರಾಗ ನೀವು ಹುಡುಕಾಕ ಹತ್ತಿದ್ರಿ. ಬಾಯಿ ಕಟ್ತು.”

“ಆಮ್ಯಾಲೆ ಇವಳ ಚೀಲಕ್ಕ ತುರುಕಿದ್ಯಾ?”

“ತುರುಕಿಲ್ಲ,” ಎಂದರು ಸಿದ್ದಮ್ಮ. “ಯಾರನ್ನಾರ ಸಿಗಿಸಾಕ ಹೊಂಟವ ಬಟ್ಟಿ ಸುತ್ತಿ ಜ್ವಾಕಿ ಮಾಡಂಗಿಲ್ಲ. ಲಿಂಗರಾಜ, ನೀ ಫಿಲ್ಟರ್ ಇಡೋದು ಯಾವ ಪಾಕೆಟ್‌ನ್ಯಾಗ?”

“ಎಡಗಡೆ ಸಣ್ಣದ್ರಾಗ…”

“ಬುತ್ತಿ ತಗೊಳ್ಳಾಕ ಹೋದಾಗ ಗಡಿಬಿಡಿಯಾಗ ಅದರ ಜಾಗಕ್ಕೇ ವಾಪಸ್ ಇಡಾಕ ಹೋದ. ಜಾಗ ಸರಿ ಇತ್ತು, ಚೀಲ ತಪ್ತು. ಮೂರೂ ಒಂದs ನಮೂನಿ.”

ತಾಯಪ್ಪ ಜೋರಾಗಿ ನಕ್ಕ. ಲಿಂಗರಾಜನಿಗೂ ನಗು ತಡೆಯಲಾಗಲಿಲ್ಲ. ಅಂಜಲಿ ಮಾತ್ರ ನಗಲಿಲ್ಲ.

“ಗಾಜು ತಗೊಂಡಿದ್ದು ಬಿಡಣ್ಣ,” ಎಂದಳು ವೀರೇಶನಿಗೆ. “ಮೂರು ಗಂಟೆಗೆ ನನ್ನ ಚೀಲ ಎಲ್ಲಾರ ಮುಂದ ಸುರುವಿದ್ರಲ್ಲ, ಆವಾಗ ನೀ ಅಲ್ಲೇ ನಿಂತಿದ್ದಿ. ಒಂದು ಮಾತು ಬರ್ಲಿಲ್ಲೇನು?”

“ತಪ್ಪಾತವ್ವ,” ಎಂದಷ್ಟೇ ಹೇಳಿದ ವೀರೇಶ್.

ಲಿಂಗರಾಜ್ ಬರೆದಿಟ್ಟಿದ್ದ ಮೆಸೇಜನ್ನು ಅಳಿಸಿ, ಫೋನನ್ನು ಅವಳಿಗೇ ತೋರಿಸಿದ. “ಭಾನುವಾರ ಕಂಪ್ಲಿಗೆ ಬರ್ತೀಯಲ್ಲವ್ವ?”

“ಬರ್ತೀನ್ರಿ. ಆದ್ರ ಲೈಟ್ ಹಿಡಿಯಾಕಲ್ಲ. ತಾಳಿ ಕಟ್ಟೋವಾಗ ಮುಂದಿನ ಕ್ಯಾಮೆರಾ ನಂದು. ನೀವು ನನ್ನ ಹಿಂದ ನಿಲ್ರಿ.”

ಲಿಂಗರಾಜ್ ಸಿದ್ದಮ್ಮನ ಮುಖ ನೋಡಿದ. ಅವರು ಮಂಡಕ್ಕಿ ತಟ್ಟೆಯ ಕಡೆ ನೋಡುತ್ತಿದ್ದರು. ಅಲ್ಲಿ ಸಹಾಯ ಸಿಗುವಂತಿರಲಿಲ್ಲ.

“ಆತವ್ವ,” ಎಂದ. “ಲೈಟ್ ಯಾರು ಹಿಡೀಬೇಕು ಹಂಗಾರ?”

ಅಂಜಲಿ ಆಗ ಮೊದಲ ಸಲ ನಕ್ಕಳು. ಎಲ್ಲರೂ ವೀರೇಶನ ಕಡೆ ತಿರುಗಿದೆವು.